ಇಪ್ಪತ್ತೆಂಟು ದಿನದ ಬೀದಿ

ಆ ನಿಯಮವನ್ನು ಬರೆದವಳು ನಾನೇ. 'ಅಳತೆಯ ಉದ್ದೇಶವನ್ನು ಮನೆಯವರಿಗೆ ತಿಳಿಸತಕ್ಕದ್ದಲ್ಲ.' ಕೈಪಿಡಿಯ ಒಂಬತ್ತನೇ ಪುಟದಲ್ಲಿತ್ತು. ಈಗ ಆ ಸಾಲು ಅಲ್ಲಿಲ್ಲ. ಆದರೆ ಬರೆದ ದಿನ ನನಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು.

ಯುದ್ಧ ಶುರುವಾಗಿ ಹದಿನಾಲ್ಕನೇ ತಿಂಗಳಿಗೆ ನಮ್ಮ ಕಚೇರಿ ಹುಟ್ಟಿತು. ಅಧಿಕೃತ ಹೆಸರು ಎರಡು ಸಾಲಿನಷ್ಟು ಉದ್ದವಿದ್ದುದರಿಂದ ಎಲ್ಲರೂ ತಾಳಿಕೆ ಕಚೇರಿ ಎಂದು ಕರೆಯುತ್ತಿದ್ದರು. ಹೊರಗಿನಿಂದ ಒಂದು ಕಾಳೂ ಬರದೆ ಹೋದರೆ ಯಾವ ವಾರ್ಡು ಎಷ್ಟು ದಿನ ತಾಳುತ್ತದೆ ಎಂದು ಹೇಳುವುದು ನಮ್ಮ ಕೆಲಸ. ವಾರ್ಡುಗಳ ಉತ್ತರ ಕೂಡಿಸಿದರೆ ಊರಿನದು, ಊರುಗಳದ್ದು ಕೂಡಿಸಿದರೆ ದೇಶದ್ದು. ಹದಿನಾಲ್ಕು ದಿನಕ್ಕಿಂತ ಕಡಿಮೆ ಬಂದ ವಾರ್ಡಿಗೆ ಸಾರ್ವಜನಿಕ ಅಡುಗೆಮನೆ, ಜೊತೆಗೆ ಒಂದು ತಿಂಗಳ ದಾಸ್ತಾನು. ನಮ್ಮ ಊರಿನಲ್ಲಿ ಹನ್ನೊಂದು ವಾರ್ಡುಗಳಿದ್ದವು. ದಾಸ್ತಾನು ಇದ್ದದ್ದು ನಾಲ್ಕಕ್ಕೆ.

ಮೊದಲ ಪ್ರಯೋಗದಲ್ಲಿ ಉದ್ದೇಶವನ್ನು ಬಾಯಿಬಿಟ್ಟು ಹೇಳಿದ್ದೆವು. ಒಂದೇ ದಿನದಲ್ಲಿ ಬೀದಿಯ ಧಾನ್ಯವೆಲ್ಲ ಮಾಯ. ಮಂಚದ ಕೆಳಗೆ, ಹೂಕುಂಡದೊಳಗೆ, ದಿಂಬಿನ ಗವುಸಿನೊಳಗೆ. ಒಂದು ಮನೆಯಲ್ಲಿ ಮಗುವನ್ನು ಎತ್ತಿದರೆ ತೊಟ್ಟಿಲಲ್ಲಿ ಮೂರು ಕಿಲೋ ಬೇಳೆ. ಅಡುಗೆಮನೆ ತಮಗೇ ಬರಲಿ ಎಂಬ ಆಸೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಳತೆ ನೆಗೆದುಬಿದ್ದಿತ್ತು. ನಮ್ಮ ಮುಖ್ಯಸ್ಥರು ಕಾಲೇಜಿನಲ್ಲಿ ನಮಗೇ ಸಂಖ್ಯಾಶಾಸ್ತ್ರ ಕಲಿಸಿದವರು. ಕಚೇರಿಯಲ್ಲೂ ನಮ್ಮನ್ನು ಹಾಜರಿ ಪುಸ್ತಕದ ನಂಬರಿನಿಂದಲೇ ಕರೆಯುತ್ತಿದ್ದರು.

"ಜನ ಸುಳ್ಳರಲ್ಲ, ಹದಿನೇಳು," ಎಂದರು ನನಗೆ. "ಸುಳ್ಳಿಗೆ ನಾವು ಬಾಗಿಲು ತೆಗೆದಿಟ್ಟಿದೀವಿ. ಅದನ್ನ ಮುಚ್ಚು."

ನಾನು ಮುಚ್ಚಿದೆ. ಇರುವುದನ್ನು ಇಲ್ಲವೆನ್ನುವ ಸುಳ್ಳೊಂದನ್ನೇ ಯೋಚಿಸಿದ್ದೆ.

ಚೀಟಿ ಎತ್ತಿ ಬೀದಿ ಆರಿಸುತ್ತಿದ್ದೆವು. ವಾರ್ಡಿಗೆ ಒಂದು ಬೀದಿ, ಬೀದಿಗೆ ಹನ್ನೆರಡು ಮನೆ. ನದಿಯಾಚೆಯ ವಾರ್ಡಿನ ಚೀಟಿಯಲ್ಲಿ ಬಂದದ್ದು ಹಳೆಯ ಗಿರಣಿಯ ಎದುರಿನ ಬೀದಿ. ಅದರ ನಾಲ್ಕನೇ ಮನೆ ನಮ್ಮಕ್ಕನದು.

"ಸಾರ್, ಸಂಬಂಧಿಕರ ಬೀದಿಗೆ ನಾನು ಹೋಗೋ ಹಾಗಿಲ್ಲ. ನಿಯಮ ಇದೆ."

"ಗೊತ್ತು. ಆದ್ರೆ ಇಪ್ಪತ್ತೆರಡರ ಕಾಲು ಪ್ಲಾಸ್ಟರಲ್ಲಿದೆ, ಅದಕ್ಕೆ ನಿಯಮ ಗೊತ್ತಿಲ್ಲ. ಇನ್ಯಾರಿದಾರೆ ಹೇಳು? ತಕ್ಕಡಿಗೆ ಅಕ್ಕ ತಂಗಿ ಇಲ್ಲ, ಹೋಗಿ ಬಾ."

ಹಿಂದಿನ ದಿನವೇ ಬೀದಿಗೆ ತಿಳಿವಳಿಕೆ ಪತ್ರ ಹೋಗುತ್ತಿತ್ತು. ಇಲ್ಲದಿದ್ದರೆ ಸೈರನ್ನಿಗೆ ಹೆದರಿ ಜನ ನೆಲಮಾಳಿಗೆಯಲ್ಲಿರುತ್ತಿದ್ದರು, ಬಾಗಿಲು ತೆಗೆಯುವವರು ಸಿಗುತ್ತಿರಲಿಲ್ಲ. ಪತ್ರದಲ್ಲಿದ್ದದ್ದು ಇಷ್ಟೇ: ನಾಳೆಯಿಂದ ಮೂರು ದಿನ, ದಿನಕ್ಕೆ ನಾಲ್ಕು ಮನೆ, ಮನೆಯಲ್ಲಿರುವ ಆಹಾರ ಪದಾರ್ಥಗಳನ್ನು ತೂಕ ಮಾಡಲಾಗುವುದು, ಸಹಕರಿಸಿ.

ಬೀದಿಗೆ ಒಂದೇ ಮಗ್ಗುಲು. ಈ ಕಡೆ ಒಂದಕ್ಕೊಂದು ಅಂಟಿದ ಹನ್ನೆರಡು ಮನೆಗಳು, ಆ ಕಡೆ ಗಿರಣಿಯ ಉದ್ದ ಗೋಡೆ. ಮನೆಗಳ ಹಿಂದೆ ಸಣ್ಣ ಸಣ್ಣ ಹಿತ್ತಲು, ನಡುವೆ ಸೊಂಟದೆತ್ತರದ ಗೋಡೆ. ಗಂಡಸರಲ್ಲಿ ಉಳಿದಿದ್ದವರು ಮೂವರೋ ನಾಲ್ವರೋ, ಎಲ್ಲರೂ ವಯಸ್ಸಾದವರು. ಭಾವ ಟೆಲಿಫೋನ್ ಲೈನ್‌ಮನ್. ತಂತಿ ಎಳೆಯಲು ಸೈನ್ಯದವರು ಕರೆದುಕೊಂಡು ಹೋದರು. ನಾಲ್ಕು ತಿಂಗಳಿನಿಂದ ಕಾಗದ ಇರಲಿಲ್ಲ. ನದಿಯ ಈಚೆಗೆ, ನನ್ನ ಹಾಸ್ಟೆಲ್ಲಿಗೆ ಬಂದುಬಿಡು ಎಂದು ಅಕ್ಕನನ್ನು ಮೂರು ಸಲ ಕರೆದಿದ್ದೆ. ಮೂರು ಸಲವೂ ಒಂದೇ ಉತ್ತರ: "ಅವರು ಬಂದು ಬಾಗಿಲು ತಟ್ಟಿದಾಗ ನಾನಿಲ್ಲದೆ ಇದ್ರೆ?" ಆ ಬೀದಿಯಲ್ಲಿ ಹಾಗೆ ಕಾಯುತ್ತಿದ್ದವರು ಅಕ್ಕ ಒಬ್ಬಳೇ ಅಲ್ಲ. ಒಂಬತ್ತು ಮನೆಯಲ್ಲಿ ಕಾಯುತ್ತಿದ್ದರು.

ಮೊದಲ ದಿನ ಹನ್ನೊಂದೂವರೆಗೆ ಅಕ್ಕನ ಮನೆ ಹೊಕ್ಕೆ. ಒಳಗೆ ಕಾಲಿಡುವ ಮೊದಲೇ ಅಕ್ಕನ ಅತ್ತೆಯ ದನಿ. ಅವರನ್ನು ಬೀದಿಯೆಲ್ಲ ನರ್ಸಮ್ಮ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು.

"ಬಾರಮ್ಮ ತಕ್ಕಡಿ ತಾಯಿ! ಬೀಗರ ಮನೆಗೆ ಬರಿಗೈಲಿ ಬರಬಾರದು ಅಂತ ತಕ್ಕಡಿ ತಂದ್ಯಾ?"

"ಸರ್ಕಾರದ್ದು ನರ್ಸಮ್ಮ. ಬಿಟ್ಟು ಹೋಗೋ ಹಾಗಿಲ್ಲ."

"ಬಿಟ್ಟು ಹೋದ್ರೆ ನಮಗ್ಯಾಕೆ? ಅದನ್ನ ಬೇಯಿಸಿ ತಿನ್ನೋಕಾಗುತ್ತಾ?" ತಾವೇ ನಕ್ಕರು. "ನಾನೂ ತೂಕ ಮಾಡಿ ಮಾಡಿ ಸವೆದವಳೇ ಕಣಮ್ಮ. ನಿನ್ನ ಕಾಳು ಪಾಪ ಸುಮ್ನೆ ಕೂತಿರ್ತವೆ. ನನ್ನವು ತಟ್ಟೆ ಮೇಲಿಟ್ಟ ತಕ್ಷಣ ಉಚ್ಚೆ ಹೊಯ್ತಿದ್ವು. ಹೊಯ್ಯೋಕೆ ಮುಂಚೆದ್ದು ಬರೀಬೇಕೋ ಆಮೇಲಿಂದು ಬರೀಬೇಕೋ ಅಂತ ಡಾಕ್ಟರಿಗೇ ಗೊತ್ತಿರ್ಲಿಲ್ಲ."

ಅಕ್ಕನ ಮಗಳು ಗುಬ್ಬಿಗೆ ನಾಲ್ಕು ವರ್ಷ. ಅವಳು ತಕ್ಕಡಿಯ ತಟ್ಟೆ ಮೇಲೆ ಕೈಯಿಟ್ಟು ಮುಳ್ಳು ಓಡುವುದನ್ನು ನೋಡುತ್ತಿದ್ದಳು. ನರ್ಸಮ್ಮ ಮೆಲ್ಲಗೆ ಅವಳ ಕೈ ತೆಗೆದರು. "ಸುಳ್ಳು ತೂಕ ಬರುತ್ತೆ ಮರಿ, ಚಿಕ್ಕಮ್ಮ ಬೈತಾಳೆ."

ಅಕ್ಕ ಡಬ್ಬಗಳನ್ನು ಒಂದೊಂದಾಗಿ ತಂದಿಟ್ಟಳು. ಅಕ್ಕಿ ಇಪ್ಪತ್ತೆರಡು ಕಿಲೋ ನಾನೂರು ಗ್ರಾಂ. ಬೇಳೆ ಎಂಟು ಕಿಲೋ ಆರುನೂರೈವತ್ತು. ಎಣ್ಣೆ ನಾಲ್ಕು ಲೀಟರು ಇನ್ನೂರು. ಮೂರು ಜನಕ್ಕೆ ಇಪ್ಪತ್ತೊಂಬತ್ತು ದಿನ. ಬರೆಯುತ್ತ ಬರೆಯುತ್ತ ನನ್ನ ಎದೆಯ ಭಾರ ಇಳಿಯಿತು. ಬರುವಾಗ ದಾರಿಯುದ್ದಕ್ಕೂ ಹೆದರಿದ್ದೆ.

"ಇಷ್ಟೊಂದು ಹೇಗೆ ಉಳಿಸಿದೆ ಅಕ್ಕ?"

"ಅತ್ತೆ ಕೈ ಬಿಗಿ," ಎಂದಳು. ನನ್ನ ಮುಖ ನೋಡದೆ ಡಬ್ಬದ ಮುಚ್ಚಳ ಒರೆಸುತ್ತಿದ್ದಳು.

ಅಡುಗೆಮನೆಯಲ್ಲಿ ಉಪ್ಪು ಸಕ್ಕರೆ ತೂಗುವಾಗ ನಾವಿಬ್ಬರೇ ಇದ್ದೆವು. ಅಕ್ಕ ಬಾಗಿಲನ್ನು ಸ್ವಲ್ಪ ಮುಂದೆ ಮಾಡಿ, ದನಿ ತಗ್ಗಿಸಿದಳು.

"ಯಾತಕ್ಕೇ ಇದೆಲ್ಲ?"

"ಅಳತೆ ಅಕ್ಕ."

"ಅಳತೆ ಅಂತ ನಂಗೂ ಕಾಣ್ತಿದೆ. ತೂಕ ಮಾಡಿ ಏನ್ಮಾಡ್ತೀರಾ?"

"ಹೇಳೋ ಹಾಗಿಲ್ಲ."

"ನಂಗೂ?"

"ಯಾರಿಗೂ."

ಅವಳು ಸಕ್ಕರೆ ಡಬ್ಬದ ಮುಚ್ಚಳ ಹಾಕಿದಳು. ಆಮೇಲೆ, "ಸೇತುವೆ ಪಕ್ಕದ ಸಾಲು ಗೊತ್ತಲ್ಲ? ಹೋದ ತಿಂಗಳು ಅಲ್ಲಿಗೂ ಹೀಗೇ ಪಟ್ಟಿ ಹಿಡ್ಕೊಂಡು ಬಂದ್ರು. ಎಲ್ಲ ಬರ್ಕೊಂಡ್ರು. ಮೂರನೇ ದಿನ ಲಾರಿ ಬಂತು, ಮನೆ ಮಂದೀನೆಲ್ಲ ತುಂಬ್ಕೊಂಡು ಹೋಯ್ತು. ಎಲ್ಲಿಗೆ ಅಂತ ಇವತ್ತಿಗೂ ಗೊತ್ತಿಲ್ಲ."

"ಅದು ಬೇರೆ ಇಲಾಖೆ," ಎಂದೆ.

ನಿಜವಾಗಿಯೂ ಅದು ಬೇರೆ ಇಲಾಖೆ. ಸೇತುವೆಯ ಪಕ್ಕದ ಮನೆಗಳು ಅಪಾಯದಲ್ಲಿವೆ ಎಂದು ಎಂಜಿನಿಯರುಗಳು ತೆರವು ಮಾಡಿಸಿದ್ದರು. ನಾನು ಹೇಳಿದ್ದರಲ್ಲಿ ಸುಳ್ಳಿನ ಒಂದು ಅಕ್ಷರ ಇರಲಿಲ್ಲ. ಅವಳು ಭಯವನ್ನು ತಂದು ನನ್ನ ಮುಂದಿಟ್ಟಿದ್ದಳು, ನಾನು ಇಲಾಖೆಯ ಹೆಸರು ಹೇಳಿ ಪಕ್ಕಕ್ಕೆ ಸರಿಸಿದ್ದೆ.

"ಸರಿ ಬಿಡು," ಎಂದಳು ಅಕ್ಕ. "ಖಾಲಿ ಇರೋ ಮನೆಯೋರನ್ನ ಏನ್ಮಾಡ್ತಾರೆ ಅದನ್ನಾದ್ರೂ ಹೇಳು."

ಹೇಳಿಬಿಡಬಹುದಿತ್ತು. ಹೊರಗೆ ನರ್ಸಮ್ಮ ಗುಬ್ಬಿಗೆ ಏನೋ ಲೆಕ್ಕ ಹೇಳಿಕೊಡುತ್ತಿದ್ದರು, ಅಲ್ಲಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಯೋಚಿಸಿದ್ದು ಹೀಗೆ: ಅಕ್ಕನಿಗೆ ಹೇಳಿದರೆ ಸಂಜೆಯೊಳಗೆ ಬೀದಿಗೆ ಗೊತ್ತಾಗುತ್ತದೆ, ಎಂಟು ಮನೆಗಳಲ್ಲಿ ಅಕ್ಕಿ ಮಂಚದ ಕೆಳಗೆ ಹೋಗುತ್ತದೆ, ಈ ವಾರ್ಡು ಸುಳ್ಳು ಲೆಕ್ಕದ ಮೇಲೆ ಅಡುಗೆಮನೆ ಗಿಟ್ಟಿಸುತ್ತದೆ, ನಿಜವಾಗಿ ಹಸಿದಿರುವ ಇನ್ನೊಂದು ವಾರ್ಡಿಗೆ ಸಿಗುವುದಿಲ್ಲ. ಸ್ವಂತ ಅಕ್ಕನಿಗೋಸ್ಕರ ಬೇರೆಯವರ ಹೊಟ್ಟೆಗೆ ಹೊಡೆದಂತಾಗುತ್ತದೆ. ಅವಳ ಮನೆಯಲ್ಲಂತೂ ಇಪ್ಪತ್ತೊಂಬತ್ತು ದಿನಕ್ಕಿದೆ.

"ಇದ್ದದ್ದು ಇದ್ದ ಹಾಗೆ ತೋರಿಸಿದ್ರೆ ಎಲ್ರಿಗೂ ಒಳ್ಳೇದಾಗುತ್ತೆ ಅಕ್ಕ."

"ಹ್ಞೂಂ. ಸರ್ಕಾರದೋರು ಎಲ್ಲಾದಕ್ಕೂ ಹಂಗೇ ಹೇಳೋದು," ಎಂದು ಬಾಗಿಲು ತೆಗೆದಳು.

ಮೂರು ದಿನದಲ್ಲಿ ಹನ್ನೆರಡು ಮನೆಯೂ ಮುಗಿಯಿತು. ಎಲ್ಲ ಕಡೆ ಮರ್ಯಾದೆ, ಎಲ್ಲ ಕಡೆ ಕೂರಲು ಕುರ್ಚಿ. ಏಳನೇ ಮನೆಯ ದರ್ಜಿ, ಅರವತ್ತು ದಾಟಿದವರು, ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ನಿಂತು, "ನಾವಿಬ್ರೂ ಒಂದೇ ಕಸುಬಿನೋರು. ನಾನು ಹೊಟ್ಟೆ ಸುತ್ತಳತೆ, ನೀವು ಹೊಟ್ಟೆ ಒಳಗಳತೆ," ಎಂದರು. ಒಂಬತ್ತನೇ ಮನೆಯಲ್ಲಿ ಅಕ್ಕಿ ಮಡಕೆಯಲ್ಲಿತ್ತು, ಹತ್ತನೆಯದರಲ್ಲಿ ಟ್ರಂಕಿನಲ್ಲಿ, ಹನ್ನೊಂದನೆಯದರಲ್ಲಿ ಬಕೆಟ್ಟಿನಲ್ಲಿ. ಯಾರ ಮನೆಯಲ್ಲೂ ಮಂಚದ ಕೆಳಗೆ ಬಗ್ಗಿ ನೋಡುವ ಪ್ರಮೇಯ ಬರಲಿಲ್ಲ. ನನ್ನ ನಿಯಮ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಕಚೇರಿಯಲ್ಲಿ ಲೆಕ್ಕ ಹಾಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೇರೆ ವಾರ್ಡುಗಳಲ್ಲಿ ಒಂದು ಮನೆಯಲ್ಲಿ ನಲವತ್ತು ದಿನಕ್ಕಿದ್ದರೆ ಪಕ್ಕದ ಮನೆಯಲ್ಲಿ ಎರಡು ದಿನಕ್ಕೆ. ಈ ಬೀದಿಯಲ್ಲಿ ಮಾತ್ರ ಮನೆಮನೆಗೂ ಹೆಚ್ಚುಕಡಿಮೆ ಅಷ್ಟೇ ಅಕ್ಕಿ, ಅಷ್ಟೇ ಬೇಳೆ, ಅಷ್ಟೇ ಎಣ್ಣೆ. ಇಪ್ಪತ್ತೊಂದು ಕಿಲೋ, ಇಪ್ಪತ್ತಮೂರು, ಇಪ್ಪತ್ತೆರಡೂವರೆ. ಅಂತರ ಅಷ್ಟು ಕಡಿಮೆ ಇರುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಒಂದು ಇಡೀ ಮಧ್ಯಾಹ್ನ ಅದರ ಮುಂದೆ ಕೂತೆ. ಕೊನೆಗೆ ನನಗೆ ಹೊಳೆದ ವಿವರಣೆ ಸುಂದರವಾಗಿತ್ತು: ಈ ಬೀದಿಯವರು ಇದ್ದದ್ದನ್ನು ಸಮನಾಗಿ ಹಂಚಿಕೊಂಡಿದ್ದಾರೆ. ಹಂಚಿಕೊಳ್ಳುವ ಜನ ಹೆಚ್ಚು ತಾಳುತ್ತಾರೆ. ನಮ್ಮ ಸೂತ್ರದಲ್ಲಿ ಅದಕ್ಕೆ ಜಾಗವಿತ್ತು, ಪರಸ್ಪರ ನೆರವಿನ ಗುಣಾಂಕ ಎಂದು; ಅಲ್ಲಿಯವರೆಗೆ ಅದನ್ನು ಯಾವ ವಾರ್ಡಿಗೂ ಹಾಕಿರಲಿಲ್ಲ. ಸರಾಸರಿ ಇಪ್ಪತ್ತಾರು ದಿನ ಬಂದಿತ್ತು. ಗುಣಾಂಕ ಸೇರಿ ಇಪ್ಪತ್ತೆಂಟಾಯಿತು.

"ನೋಡಿದ್ಯಾ," ಎಂದರು ಮುಖ್ಯಸ್ಥರು, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು. "ಜನ ಒಗ್ಗಟ್ಟಾಗಿದ್ರೆ ಅಂಕಿಯಲ್ಲೂ ಕಾಣುತ್ತೆ."

ನಾಲ್ಕು ಅಡುಗೆಮನೆಗಳು ಬೇರೆ ನಾಲ್ಕು ವಾರ್ಡುಗಳಿಗೆ ಹೋದವು. ಅಕ್ಕನ ವಾರ್ಡು ಪಟ್ಟಿಯ ತಳದಲ್ಲಿತ್ತು. ಪಟ್ಟಿ ಹೊರಬಿದ್ದ ನಾಲ್ಕನೇ ದಿನ ಬೆಳಿಗ್ಗೆ ಸೇತುವೆಗೆ ಬಾಂಬು ಬಿತ್ತು. ನದಿಯಾಚೆಗೆ ಎರಡು ವಾರ್ಡುಗಳಿದ್ದವು. ಒಂದರಲ್ಲಿ ಅಡುಗೆಮನೆ ಆಗಷ್ಟೇ ತೆರೆದಿತ್ತು. ಎರಡು ವಾರ್ಡುಗಳ ನಡುವಿನ ರಸ್ತೆಯಲ್ಲಿ ಗುಂಡಿನ ಕಾಳಗ. ಟೆಲಿಫೋನು ಸತ್ತಿತ್ತು. ದೋಣಿ ಇಳಿಸಲು ಬಿಡುತ್ತಿರಲಿಲ್ಲ.

ಹದಿನಾರು ದಿನ ಹಾಗಿತ್ತು.

ಆ ಹದಿನಾರು ದಿನ ನಾನು ಹೇಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಚೆನ್ನಾಗಿಯೇ ಇದ್ದೆ. ಹಾಸ್ಟೆಲ್ಲಿನ ಬೇರೆ ಹೆಂಗಸರು ನದಿಯಾಚೆಯ ತಮ್ಮವರನ್ನು ನೆನೆದು ಅತ್ತಾಗ ನಾನು ಸಮಾಧಾನ ಹೇಳುತ್ತಿದ್ದೆ. ಗುಂಡಿನ ಭಯ ನನಗೂ ಇತ್ತು, ಹಸಿವಿನ ಭಯ ಇರಲಿಲ್ಲ. ಊಟದ ತಟ್ಟೆಯ ಮುಂದೆ ಕೂತಾಗ ಮನಸ್ಸಿನಲ್ಲೇ ಕಳೆಯುತ್ತಿದ್ದೆ: ಇಪ್ಪತ್ತೊಂಬತ್ತರಲ್ಲಿ ಒಂಬತ್ತು ಹೋದರೆ ಇಪ್ಪತ್ತು, ಹತ್ತು ಹೋದರೆ ಹತ್ತೊಂಬತ್ತು. ಅಕ್ಕ ಈಗ ಎರಡನೇ ಡಬ್ಬಕ್ಕೆ ಕೈ ಹಾಕಿರುತ್ತಾಳೆ. ನನ್ನ ಪೆನ್ಸಿಲ್ಲಿನಿಂದ ಬರೆದ ಅಂಕಿ ನನ್ನ ಹೊಟ್ಟೆಯನ್ನು ತಣ್ಣಗಿಟ್ಟಿತ್ತು.

ಹದಿನೇಳನೇ ದಿನ ಮೊದಲ ದೋಣಿಗಳು ಹೊರಟಾಗ ಅವುಗಳಲ್ಲೊಂದರಲ್ಲಿ ನನಗೆ ಜಾಗ ಸಿಕ್ಕಿತು. ದೋಣಿ ತುಂಬ ಹಿಟ್ಟಿನ ಮೂಟೆ, ಮೇಲೆ ನಾವು ಐದು ಜನ.

ಬೀದಿಯಲ್ಲಿ ಮೊದಲು ಕಂಡದ್ದು ದರ್ಜಿ. ಮನೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು. ಅಳತೆಯ ದಿನ ಅವರದೇ ಮೈಗೆ ಹೊಲಿದಂತಿದ್ದ ಅಂಗಿ ಈಗ ಗೂಟಕ್ಕೆ ನೇತುಹಾಕಿದ ಹಾಗಿತ್ತು. ನನ್ನನ್ನು ನೋಡಿ ಏಳಲು ಹೋದರು, ಆಗಲಿಲ್ಲ, ಕೈ ಮಾತ್ರ ಎತ್ತಿದರು. ನಾನು ನಾಲ್ಕನೇ ಮನೆಗೆ ಓಡಿದೆ.

ಅಕ್ಕ ಬಾಗಿಲು ತೆಗೆದಳು. ಅವಳ ಮುಖದಲ್ಲಿ ಮೂಗು, ಕೆನ್ನೆಯ ಮೂಳೆ ಎರಡೇ ಇದ್ದವು. ಗುಬ್ಬಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡಿದಳು, ಹತ್ತಿರ ಬರಲಿಲ್ಲ.

"ನರ್ಸಮ್ಮ?"

"ಶುಕ್ರವಾರ," ಎಂದಳು ಅಕ್ಕ. ಅವತ್ತು ಸೋಮವಾರ.

ಅತ್ತದ್ದು ನಾನು. ಅಕ್ಕ ಅಳಲಿಲ್ಲ, ಅಳುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕಲ್ಲ. ನನ್ನ ಚೀಲದಲ್ಲಿದ್ದ ಬಿಸ್ಕತ್ತನ್ನು ನೀರಿನಲ್ಲಿ ನೆನೆಸಿ ಗುಬ್ಬಿಗೆ ಚಮಚದಲ್ಲಿ ಕೊಡುತ್ತ, ನಿಧಾನವಾಗಿ, ಯಾರದೋ ಕತೆಯ ಹಾಗೆ ಹೇಳಿದಳು. ದರ್ಜಿಯ ಅಂಗಡಿಯಲ್ಲಿ ಕಾಲರಿಗೆ ಹಾಕುವ ಗಂಜಿಪುಡಿ ಎರಡು ಕಿಲೋ ಇತ್ತಂತೆ, ಅದನ್ನೂ ಬೇಯಿಸಿದರಂತೆ. ಗಿರಣಿಯ ಗೋಡೆ ಬುಡದ ಸೊಪ್ಪನ್ನೆಲ್ಲ ಕಿತ್ತರಂತೆ. ನರ್ಸಮ್ಮ ದಿನಾ ಬೆಳಿಗ್ಗೆ ಹನ್ನೆರಡು ಮನೆಗೂ ಹೋಗಿ ಪ್ರತಿ ಮಗುವಿನ ಪಾದದ ಮೇಲೆ ಹೆಬ್ಬೆರಳೊತ್ತಿ, ಹಸಿವಿಗೆ ಊದಿದೆಯೇ ಎಂದು ನೋಡುತ್ತಿದ್ದರಂತೆ. ಒತ್ತಿದ ಗುಳಿ ಬೇಗ ತುಂಬಿಕೊಂಡರೆ ಒಂದು ಚಮಚ ಗಂಜಿ, ಹಾಗೇ ಉಳಿದರೆ ಮೂರು ಚಮಚ. ಯಾರೂ ವಾದ ಮಾಡುತ್ತಿರಲಿಲ್ಲ.

"ತಮ್ಮ ಪಾಲನ್ನ ಗುಬ್ಬಿ ಬಟ್ಟಲಿಗೆ ಹಾಕ್ತಿದ್ರು. ಕೇಳಿದ್ರೆ ಅಜೀರ್ಣ ಅಂದ್ರು. ಈ ಕಾಲದಲ್ಲಿ ಅಜೀರ್ಣ ಅನ್ನೋಳು ನಾನೊಬ್ಳೇ ಇರ್ಬೇಕು ನೋಡು ಅಂತ ಅವ್ರೇ ನಗಾಡಿದ್ರು." ಅಕ್ಕ ಚಮಚವನ್ನು ಬಟ್ಟಲಿನ ಅಂಚಿಗೆ ಒರೆಸಿದಳು. "ಸೆಕೆಯಲ್ಲೂ ಕಾಲುಚೀಲ ಹಾಕ್ಕೊಂಡೇ ಇರ್ತಿದ್ರು. ಯಾಕೆ ಅಂತ ನಂಗೆ ಹೊಳೀಲಿಲ್ಲ. ಸ್ನಾನ ಮಾಡಿಸೋವಾಗ ಬಿಚ್ಚಿದೆ. ಪಾದ ಎರಡೂ ಹೀಗೆ ಊದಿದ್ವು."

ಬೀದಿಯಲ್ಲಿ ಒಟ್ಟು ಐದು ಜನ ಹೋಗಿದ್ದರು. ಅದರಲ್ಲೊಂದು ಎಂಟು ತಿಂಗಳ ಕೂಸು.

ನನಗೆ ಅರ್ಥವಾಗಲಿಲ್ಲ. ಇಪ್ಪತ್ತೆಂಟು ದಿನ, ಹದಿನಾರು ದಿನ. ಹನ್ನೆರಡು ದಿನದ್ದು ಉಳಿದಿರಬೇಕಿತ್ತು. "ಕಳ್ಳತನ ಆಯ್ತಾ ಅಕ್ಕ? ಸೈನಿಕರು ಬಂದು ಎತ್ಕೊಂಡು ಹೋದ್ರಾ?"

ಅವಳು ನನ್ನನ್ನು ದಿಟ್ಟಿಸಿದಳು. "ನಿಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಏನು?"

"ಎಲ್ಲಾ ಮನೇಲೂ ಅದೇ ಅಕ್ಕಿ ಕಣೇ."

ಅವಳ ಒಣಗಿದ ತುಟಿಯಲ್ಲಿ ನಗುವಿನಂಥದ್ದು ಬಂತು. ಚಿಕ್ಕಂದಿನಲ್ಲಿ ಆಟದಲ್ಲಿ ನನ್ನನ್ನು ಸೋಲಿಸಿದಾಗ ನಗುತ್ತಿದ್ದಳಲ್ಲ, ಅದೇ.

"ನಿಮ್ಮ ಕಾಗದ ಬಂದ ದಿನ ಎಲ್ರೂ ಇಲ್ಲೇ ಸೇರಿದ್ವಿ. ಖಾಲಿ ಇರೋರನ್ನ ಲಾರಿಗೆ ಹಾಕ್ತಾರೆ ಅಂತ ಎಲ್ರಿಗೂ ಭಯ. ಅತ್ತೆ ಹೇಳಿದ್ರು, ನಿಮ್ಮ ನಿಮ್ಮ ಮನೇಲಿರೋದನ್ನೆಲ್ಲ ತನ್ನಿ, ಒಂದು ಮನೆ ತುಂಬುತ್ತಾ ನೋಡೋಣ. ಹನ್ನೆರಡು ಮನೇದು ಸೇರಿಸಿದ್ರೆ ಒಂದು ಮನೆ ತುಂಬ್ತು. ನೀನು ಇಲ್ಲಿ ಕೂತು ಪೆನ್ಸಿಲ್ ಕೆತ್ತುತಿದ್ಯಲ್ಲ, ಹಿತ್ತಲ ಗೋಡೆ ಮೇಲಿಂದ ಅಕ್ಕಿ ಐದನೇ ಮನೇಗೆ ಹೋಗಿತ್ತು. ಡಬ್ಬ ಬದಲು, ಅಕ್ಕಿ ಅದೇ. ಒಂದೊಂದು ಮನೇಲಿ ಒಂದೊಂದು ಲೋಟ ತೆಗೆದಿಡಿ, ಒಂದೇ ತೂಕ ಬಂದ್ರೆ ಆ ಹುಡುಗಿ ಹಿಡಿದುಬಿಡ್ತಾಳೆ, ಬಲು ಚುರುಕು ಅಂದಿದ್ರು ಅತ್ತೆ. ನೀನು ಹೋದ್ಮೇಲೆ ಎಷ್ಟು ನಕ್ಕಿದ್ವಿ ಗೊತ್ತಾ? ದರ್ಜಿ ನಿನ್ನ ಹಾಗೇ ಕನ್ನಡಕ ಏರಿಸಿ ತೋರಿಸಿದ್ರು."

ನನ್ನ ತಲೆ ತಾನಾಗಿಯೇ ಭಾಗಿಸಿತು. ಬೇಡವೆಂದರೂ ನಿಲ್ಲಲಿಲ್ಲ. ಇಪ್ಪತ್ತಾರನ್ನು ಹನ್ನೆರಡರಿಂದ. ಎರಡು ದಿನ ನಾಲ್ಕು ಗಂಟೆ.

"ಹೋಗ್ಲಿ ಬಿಡು, ಲಾರಿಯಂತೂ ಬರ್ಲಿಲ್ಲ," ಎಂದಳು ಅಕ್ಕ. "ಮನೇಲೇ ಇದ್ವಿ. ಆದ್ರೆ ಒಂದು ಮಾತು ತಲೆ ತಿಂತಾ ಇದೆ. ಪಕ್ಕದ ವಾರ್ಡಿಗೆ ಅಡುಗೆಮನೆ ಬಂದಿತ್ತಂತೆ. ತಿಂಗಳಿಗಾಗೋಷ್ಟು ಸಾಮಾನು ಸಮೇತ. ಅಲ್ಲಿ ಒಬ್ರೂ ಸಾಯ್ಲಿಲ್ಲವಂತೆ. ನಮಗ್ಯಾಕೆ ಬರ್ಲಿಲ್ಲ? ಅದನ್ನ ಕೊಡೋರು ಯಾರು?"

ಬೇರೆ ಇಲಾಖೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಗುಬ್ಬಿ ಬಾಯಿ ತೆರೆದು ಮುಂದಿನ ಚಮಚಕ್ಕೆ ಕಾಯುತ್ತಿದ್ದಳು.

"ನಾವೇ ಅಕ್ಕ," ಎಂದೆ. "ಆ ಅಳತೆ ಇದ್ದದ್ದೇ ಅದಕ್ಕೆ. ಖಾಲಿ ಇದ್ದ ಬೀದಿಗೆ ಅಡುಗೆಮನೆ."

ಚಮಚ ನಿಂತಿತು. ಅವಳು ಅರ್ಥ ಮಾಡಿಕೊಳ್ಳುವುದನ್ನು ನಾನು ನೋಡಿದೆ. ಕೂಗಾಡುತ್ತಾಳೆ, ಬಟ್ಟಲು ಎಸೆಯುತ್ತಾಳೆ ಎಂದುಕೊಂಡೆ. ಅವಳು ಮೊದಲು ಗುಬ್ಬಿಯ ಬಾಯಿಗೆ ಆ ಚಮಚ ಹಾಕಿದಳು.

"ಅಡುಗೆಮನೇಲಿ ಕೇಳಿದ್ನಲ್ಲೇ ನಿನ್ನ," ಎಂದಳು. "ಬಾಗಿಲು ಮುಂದೆ ಮಾಡಿ ಕೇಳಿದ್ನಲ್ಲ. ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ಹೇಳಬಾರದು ಅಂತ ನಿಯಮ ಇತ್ತು."

"ಯಾರು ಮಾಡಿದ್ದು ನಿಯಮ?"

"ನಾನೇ."

ಹೊರಗೆ ಯಾರೋ ಹಿಟ್ಟಿನ ಮೂಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಹೆಂಗಸರು ಒಬ್ಬರನ್ನೊಬ್ಬರು ಕರೆಯುತ್ತಿದ್ದರು, ಪಾತ್ರೆ ತನ್ನಿ, ಪಾತ್ರೆ ತನ್ನಿ ಎಂದು. ಅಕ್ಕ ಎದ್ದು ತನ್ನ ಪಾತ್ರೆಯನ್ನೂ ತೆಗೆದಳು. ನಾನು ತೆಗೆದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

"ಕೇಳು," ಎಂದಳು, ನನ್ನ ಕಡೆ ತಿರುಗದೆ. "ಬೀದೀಲಿ ಯಾರಿಗೂ ಇದನ್ನ ಹೇಳ್ಬೇಡ. ಅತ್ತೆ ನಮ್ಮನ್ನ ಉಳಿಸಿದ್ರು ಅಂತ ಎಲ್ರೂ ನಂಬಿದಾರೆ. ಆ ಕೂಸಿನ ತಾಯೀನೂ ಅದನ್ನೇ ಹೇಳ್ಕೊಂಡು ಉಸಿರಾಡ್ತಿದಾಳೆ, ಮಗು ಹೋದ್ರೂ ಸ್ವಂತ ಮನೇಲಿ ಹೋಯ್ತು ಅಂತ. ಗೋಡೆ ಮೇಲಿಂದ ಅಕ್ಕಿ ದಾಟಿಸಿದ್ದು ಅವಳ ಕೈಯೇ. ನಿಂಗೆ ಸುಮ್ನಿರೋಕೆ ಬರುತ್ತಲ್ಲ. ಸುಮ್ನಿರು."

"ಕಚೇರಿಗೆ ಬರೆಯಲೇಬೇಕು ಅಕ್ಕ. ಬೇರೆ ಊರುಗಳಲ್ಲಿ ಇನ್ನೂ ಹೀಗೇ ಅಳೀತಿದಾರೆ."

"ಕಚೇರಿಗೆ ಏನಾದ್ರೂ ಬರ್ಕೋ. ಇಲ್ಲಿ ಬೇಡ."

ಗುಬ್ಬಿಯನ್ನು ಸೊಂಟಕ್ಕೆ ಎತ್ತಿಕೊಂಡಳು. ಎತ್ತಲು ಎರಡು ಸಲ ಪ್ರಯತ್ನಿಸಬೇಕಾಯಿತು. ನಾನು ಹಿಂದೆ ಹಿಂದೆ ಹೊರಟೆ.

ಏಳನೇ ಮನೆಯ ಮುಂದೆ ಹಿಟ್ಟು ಹಂಚುತ್ತಿದ್ದರು. ದರ್ಜಿಯನ್ನು ಯಾರೋ ಎಬ್ಬಿಸಿ ಸಾಲಿನ ಮೊದಲಿಗೆ ಕುರ್ಚಿ ಹಾಕಿ ಕೂರಿಸಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಬನ್ನಿ ಬನ್ನಿ, ಒಂದೇ ಕಸುಬಿನೋರು! ಈಗ ಹೇಳಿಬಿಡ್ತೀನಿ, ಇನ್ನೇನು ಭಯ. ನಿಮ್ಮ ತಕ್ಕಡಿಗೆ ಮಣ್ಣೆರಚಿದ್ವಿ ಕಣಮ್ಮ. ನಿಮ್ಮಕ್ಕ ಹೇಳಿರ್ಬೇಕು."

"ಹೇಳಿದ್ಳು."

"ಕೋಪ ಮಾಡ್ಕೋಬೇಡಿ. ಎಲ್ಲಾ ನರ್ಸಮ್ಮನ ತಲೆ. ಎಂಥಾ ತಲೆ! ಅವ್ರು ಇಲ್ದಿದ್ರೆ ನಿಮ್ಮೋರು ನಮ್ಮನ್ನೆಲ್ಲ ಲಾರಿಗೆ ಎತ್ತಿ ಎಲ್ಲೋ ಒಗೀತಿದ್ರು. ಹೌದೋ ಅಲ್ವೋ, ನೀವೇ ಹೇಳಿ. ನಿಮಗೆ ಒಳಗಿನ ವಿಷಯ ಗೊತ್ತು."

ಸಾಲು ನನ್ನ ಕಡೆ ತಿರುಗಿತು. ಹನ್ನೊಂದು ಮನೆಯ ಮುಖಗಳು. ಆ ಕೂಸಿನ ತಾಯಿಯನ್ನು ನನಗೆ ಯಾರೂ ತೋರಿಸಬೇಕಾಗಿರಲಿಲ್ಲ. ಖಾಲಿ ಪಾತ್ರೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ನಿಂತಿದ್ದಳು. ಅಕ್ಕ ಸಾಲಿನ ಕೊನೆಯಲ್ಲಿ, ಗುಬ್ಬಿಯ ಕೂದಲಿನಲ್ಲಿ ಮುಖವಿಟ್ಟುಕೊಂಡಿದ್ದಳು.

"ಹೌದು," ಎಂದೆ. "ಎತ್ತಿ ಹಾಕ್ತಿದ್ರು."

"ನೋಡಿ ಮತ್ತೆ!" ಎಂದರು ದರ್ಜಿ, ಎಲ್ಲರ ಕಡೆ ತಿರುಗಿ. ಯಾರೋ ಬಿಕ್ಕಿದರು. ಯಾರೋ ನರ್ಸಮ್ಮನ ಹೆಸರು ಹೇಳಿ ಕೈ ಮುಗಿದರು. "ಬರ್ಕೊಳ್ಳಿ ಅದನ್ನ, ನಿಮ್ಮ ಪುಸ್ತಕದಲ್ಲಿ. ಅವರ ಹೆಸರು ಎಲ್ಲಾದ್ರೂ ಒಂದು ಕಡೆ ಇರ್ಲಿ."

ಪುಸ್ತಕ ತೆಗೆದೆ. ಕಾಣದ್ದನ್ನು, ತೂಗದ್ದನ್ನು ಅದರಲ್ಲಿ ನಾನು ಎಂದೂ ಬರೆದವಳಲ್ಲ. ಅವರು ಹೇಳಿದಂತೆ, ಅವರ ಮಾತಿನಲ್ಲೇ, ಒಂದೊಂದು ಪದವನ್ನೂ ಗಟ್ಟಿಯಾಗಿ ಓದುತ್ತ ಬರೆದುಕೊಂಡೆ. ಕೊನೆಯ ಪದ ಮುಗಿಸಿ ತಲೆಯೆತ್ತಿದಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಾಲು ಮುಂದೆ ಸರಿಯಿತು. ಅವಳೂ ಸರಿದು, ಅಳೆದು ಕೊಟ್ಟ ಹಿಟ್ಟನ್ನು ತೆಗೆದುಕೊಂಡು, ನನ್ನ ಪಕ್ಕದಿಂದ ಹಾದು ಮನೆಗೆ ಹೋದಳು.